ಚನ್ನಪಟ್ಟಣದ ಬುಗುರಿ, ಕಿನ್ನಾಳದ ಗೊಂಬೆ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳಂತೆ ಕಿನ್ನಾಳವೂ 1997ರವರೆಗೆ ರಾಯಚೂರು ಜಿಲ್ಲೆಯದೇ. ಅನಂತರ ಕೊಪ್ಪಳಕ್ಕೆ ಸೇರಿತು. ಆದರೂ ಆಟಿಕೆಯೆಂದೊಡನೆ ಈ ಭಾಗದವರಿಗೂ ನೆನಪಾಗುವುದು ದೂರದ ಚನ್ನಪಟ್ಟಣ. ಕುಶಲತೆಯ ತಾರತಮ್ಯವೇ ಇದಕ್ಕೆ ಕಾರಣವೆಂಬ ಮಾತನ್ನು ನಾವು ಒಪ್ಪಲಾರೆವು.

ಚನ್ನಪಟ್ಟಣದಲ್ಲಿ ಆಲೆಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹತ್ತುತ್ತದೆ. ಒಂದರಂತೆಯೇ ನೂರು ಬುಗುರಿಗಳು ಹೊರಬೀಳುತ್ತವೆ. ಬೆಂಗಳೂರು-ಮೈಸೂರು ರಸ್ತೆಯೋ ಗಿರಾಕಿಗಳನ್ನು ಬಾಗಿಲಿಗೇ ತರುತ್ತಿತ್ತು. ಕಿನ್ನಾಳದ ಚಿತ್ರಗಾರರಾದರೋ ಹಗುರ ಮರವನ್ನು ಕೈಯಿಂದಲೇ ಕೆತ್ತಿ, ಹುಣಸೆಬೀಜದ ಅಂಟಿನಿಂದ ಅವಯವಗಳನ್ನು ಕೂಡಿಸಿ, ಕುಂಚದಿಂದ ಬಣ್ಣವಿಡಬೇಕು. ಅಲ್ಲಿಯದು ಮುಖ್ಯವಾಗಿ ಗೌರಿ, ಗರುಡರ ವಿಗ್ರಹಪರಂಪರೆ. ಹುಡುಗರು ಬೀದಿಯಲ್ಲಿ ಗುನ್ನ ಹೊಡೆದು ಸೀಳುವ ಸರಕಲ್ಲ! ಮಾರಾಟದ ಎಣಿಕೆಯೊಂದರಿಂದಲೇ ಎರಡನ್ನೂ ತೂಗುವುದು ಅನ್ಯಾಯ. ಭೌಗೋಳಿಕ ಸೂಚಕದ ಮನ್ನಣೆ ಎರಡಕ್ಕೂ ದೊರೆತಿದೆ. ಆದರೆ ಕಿನ್ನಾಳದ ಕುಶಲಿಯು ಒಂದು ಗೊಂಬೆಗೆ ವ್ಯಯಿಸಿದ ದಿನಗಳನ್ನು ಅದು ಬೆಲೆಯಲ್ಲಿ ತುಂಬಿಕೊಡದು.