ಆಫೀಸಿನ ಭಾಷೆಯಲ್ಲಿ ದುಃಖ: ಸೆಲೀನ್ ಡಿಯಾನ್ ಅವರ ‘ಕರೇಜ್’

ಅಪ್ಪ ತೀರಿಕೊಂಡ ಹದಿನಾಲ್ಕನೇ ದಿನ ದಾವಣಗೆರೆಯಿಂದ ಪುಣೆಗೆ ವಾಪಸ್ ಬಂದು ಬೆಳಗಿನ ಸ್ಟ್ಯಾಂಡ್‌ಅಪ್ ಕಾಲ್‌ಗೆ ಸೇರಿಕೊಂಡೆ. ಹುಡುಗರೆಲ್ಲ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಒಬ್ಬ ಸಂಕೋಚದಿಂದ ಕೇಳಿದ, ‘ಹೇಗಿದ್ದೀರಿ?’ ಅಂತ, ಇಂಗ್ಲಿಷಿನಲ್ಲಿ. ‘ಐ ಆಮ್ ಫೈನ್, ಲೆಟ್ಸ್ ಸ್ಟಾರ್ಟ್’ ಅಂದೆ. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಅದೇ ಪ್ರಶ್ನೆಯನ್ನು ಯಾರಾದರೂ ಕನ್ನಡದಲ್ಲಿ ಕೇಳಿದ್ದರೆ ನನಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ.

ಆ ತಿಂಗಳು ಹಿಂಜೇವಾಡಿಯ ಟ್ರಾಫಿಕ್ಕಿನಲ್ಲಿ ಕೂತು ನಾನು ಮತ್ತೆ ಮತ್ತೆ ಕೇಳಿದ್ದು ಸೆಲೀನ್ ಡಿಯಾನ್ ಅವರ ‘ಕರೇಜ್’ ಎಂಬ ಆಲ್ಬಮ್. 2019ರ ನವೆಂಬರಿನಲ್ಲಿ ಬಂದದ್ದು. ಬಂದಾಗ ಒಂದು ಸಲ ಕೇಳಿ, ಪರವಾಗಿಲ್ಲ ಎನಿಸಿ ಮರೆತುಬಿಟ್ಟಿದ್ದೆ. ಈ ಸಲ ಕೇಳಿದಾಗ ಅದರ ದೋಷಗಳು ಮೊದಲಿಗಿಂತ ಸ್ಪಷ್ಟವಾಗಿ ಕಂಡವು. ಆದರೂ ಅದನ್ನು ಬಿಡಲಾಗಲಿಲ್ಲ. ಯಾಕೆ ಎಂದು ಯೋಚಿಸಿದ್ದರ ಫಲ ಈ ಬರಹ.

ನನ್ನ ವಾರಿಗೆಯವರಿಗೆ ಸೆಲೀನ್ ಅಂದರೆ ಒಂದೇ ಹಾಡು. 1998ರಲ್ಲಿ ‘ಟೈಟಾನಿಕ್’ ನಮ್ಮೂರಿನ ಟಾಕೀಸಿಗೂ ಬಂತು. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಯಾವ ರೂಮಿನ ಟೇಪ್ ರೆಕಾರ್ಡರ್ ಹಾಕಿದರೂ ಅದೇ ಕೊಳಲಿನ ನಾದ. ಅರ್ಧ ಸಾಲೂ ಸರಿಯಾಗಿ ಅರ್ಥವಾಗದೆ ನಾವೆಲ್ಲ ಭಾವುಕರಾಗುತ್ತಿದ್ದೆವು. ಸತ್ತುಹೋದ ಪ್ರಿಯಕರ ಎದೆಯೊಳಗೆ ಉಳಿದೇ ಇರುತ್ತಾನೆ ಎಂದು ಹೇಳುವ ಆ ಹಾಡನ್ನು ರೆಕಾರ್ಡ್ ಮಾಡುವಾಗ ಆಕೆಗೆ ಮೂವತ್ತೂ ತುಂಬಿರಲಿಲ್ಲ. ಮದುವೆಯಾಗಿ ಮೂರು ವರ್ಷವೂ ಕಳೆದಿರಲಿಲ್ಲ. ಅದು ಕಲ್ಪನೆಯ ದುಃಖ. ನಿಜವಾದದ್ದು ಬಂದದ್ದು 2016ರ ಜನವರಿಯಲ್ಲಿ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಶಾರ್ಲಮಾನ್ಯ್ ಎಂಬ ಊರಿನಲ್ಲಿ, ಫ್ರೆಂಚ್ ಮಾತಾಡುವ ಮನೆಯ ಹದಿನಾಲ್ಕು ಮಕ್ಕಳಲ್ಲಿ ಕೊನೆಯವಳಾಗಿ ಸೆಲೀನ್ ಹುಟ್ಟಿದ್ದು 1968ರಲ್ಲಿ. ಹನ್ನೆರಡನೇ ವಯಸ್ಸಿನಲ್ಲಿ ಹಾಡಿದ ಒಂದು ಕ್ಯಾಸೆಟ್ ರೆನೆ ಆಂಜೆಲಿಲ್ ಎಂಬ ಮ್ಯಾನೇಜರನ ಕೈಗೆ ಸಿಕ್ಕಿತು. ಅದರಲ್ಲಿದ್ದದ್ದು ಆಕೆಯ ತಾಯಿಯೂ ಸೇರಿ ಬರೆದ ಹಾಡು. ಆ ಹುಡುಗಿಯ ಮೊದಲ ರೆಕಾರ್ಡಿಗಾಗಿ ರೆನೆ ತನ್ನ ಮನೆಯನ್ನೇ ಅಡವಿಟ್ಟ. ಆಕೆಗಿಂತ ಇಪ್ಪತ್ತಾರು ವರ್ಷ ದೊಡ್ಡವನಾದ ಅವನೊಂದಿಗೆ 1994ರಲ್ಲಿ ಮಾಂಟ್ರಿಯಲ್‌ನ ನೋತ್ರದಾಂ ಬೆಸಿಲಿಕಾದಲ್ಲಿ ಮದುವೆಯಾಯಿತು. ಇವತ್ತಿನ ಕಣ್ಣಿಗೆ ಈ ಸಂಬಂಧದ ಆರಂಭ ಸ್ವಲ್ಪ ಕಸಿವಿಸಿ ಹುಟ್ಟಿಸುತ್ತದೆ, ಹುಟ್ಟಿಸಬೇಕು ಕೂಡ. ಆದರೆ ಆಕೆಯ ವೃತ್ತಿಯ ಪ್ರತಿ ತಿರುವಿನಲ್ಲೂ ಅವನಿದ್ದ ಎಂಬುದಂತೂ ನಿಜ.

2016ರ ಜನವರಿ 14ರಂದು ರೆನೆ ಗಂಟಲು ಕ್ಯಾನ್ಸರಿನಿಂದ ತೀರಿಕೊಂಡ. ಎರಡೇ ದಿನಕ್ಕೆ, ರೆನೆಯ ಹುಟ್ಟುಹಬ್ಬದ ದಿನವೇ, ಸೆಲೀನ್‌ಳ ಅಣ್ಣ ಡೇನಿಯಲ್ ಕೂಡ ಕ್ಯಾನ್ಸರಿನಿಂದ ಹೋದ. ರೆನೆಯ ಅಂತ್ಯಕ್ರಿಯೆ ನಡೆದದ್ದು ಮದುವೆಯಾದ ಅದೇ ಬೆಸಿಲಿಕಾದಲ್ಲಿ. ಫೆಬ್ರವರಿ 23ಕ್ಕೆ ಆಕೆ ಲಾಸ್ ವೇಗಸ್ಸಿನ ವೇದಿಕೆಗೆ ಮರಳಿದಳು. ನಡುವೆ ಇದ್ದದ್ದು ನಲವತ್ತು ದಿನ. ‘ಕರೇಜ್’ ಅದಾದ ಮೂರೂಮುಕ್ಕಾಲು ವರ್ಷಕ್ಕೆ ಬಂತು. ಇಂಗ್ಲಿಷಿನಲ್ಲಿ ಆರು ವರ್ಷಗಳ ನಂತರದ ಆಲ್ಬಮ್, ರೆನೆ ಇಲ್ಲದ ಮೊದಲನೆಯದು.

ಈ ಆಲ್ಬಮ್ಮಿನ ಮೇಲೆ ಸುಲಭವಾಗಿ ಹೊರಿಸಬಹುದಾದ ಆರೋಪ ಒಂದಿದೆ. ಈ ಹಾಡುಗಳನ್ನು ಬರೆದದ್ದು ಆಕೆಯಲ್ಲ. ಹತ್ತಾರು ಬರಹಗಾರರು, ಹತ್ತಾರು ನಿರ್ಮಾಪಕರು ಕೆಲಸ ಮಾಡಿದ್ದಾರೆ. ಡೇವಿಡ್ ಗೆಟಾ ಇದ್ದಾರೆ, ಸಿಯಾ ಇದ್ದಾರೆ, ಸ್ಯಾಮ್ ಸ್ಮಿತ್ ಇದ್ದಾರೆ. ಇನ್ನೊಬ್ಬರು ಬರೆದುಕೊಟ್ಟ ದುಃಖ ಅವಳದ್ದು ಹೇಗಾಗುತ್ತದೆ? ಈ ಪ್ರಶ್ನೆಗೆ ಭಾವಗೀತೆ ಕೇಳಿ ಬೆಳೆದ ನಮಗೆ ಹೆಚ್ಚು ಅರ್ಥವಿಲ್ಲ. ಮಗುವಿನ ಸಾವಿನ ಮೇಲೆ ಬೇಂದ್ರೆ ಬರೆದ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡುವವರನ್ನು ನಾವು ಯಾರೂ ‘ಇದು ನಿಮ್ಮ ದುಃಖವೇ?’ ಎಂದು ಕೇಳಿಲ್ಲ. ಹಾಡುವ ಗಳಿಗೆಯಲ್ಲಿ ಅದು ಅವರದಾಯಿತೇ ಎಂದಷ್ಟೇ ನೋಡುತ್ತೇವೆ. ಹಾಗಾಗಿ ತೊಂದರೆ ಬರೆದವರು ಬೇರೆ ಎಂಬುದರಲ್ಲಿಲ್ಲ. ಬರೆದುಕೊಟ್ಟವರ ಬಳಿ ಈ ದುಃಖಕ್ಕೆ ಬೇಕಾದ ಅಚ್ಚು ಇರಲಿಲ್ಲ.

ಇಂಗ್ಲಿಷ್ ಪಾಪ್ ಸಂಗೀತದಲ್ಲಿ ಪ್ರೇಮಭಂಗಕ್ಕೆ ಸಾವಿರ ಅಚ್ಚುಗಳಿವೆ. ಕೈಕೊಟ್ಟವನಿಗೆ ಬೈಯಬಹುದು, ಅಂಗಲಾಚಬಹುದು, ನೀನಿಲ್ಲದೆಯೂ ಬದುಕಿಯೇನು ಎಂದು ಸವಾಲು ಹಾಕಬಹುದು. ಮೂರು ಮಕ್ಕಳೊಂದಿಗೆ ಉಳಿದ, ಐವತ್ತು ದಾಟಿದ ವಿಧವೆಗೆ ಅಲ್ಲಿ ಹೊಲಿದಿಟ್ಟ ಬಟ್ಟೆ ಕಡಿಮೆ. ಆದ್ದರಿಂದ ‘ಕರೇಜ್’ನ ಹಲವು ಹಾಡುಗಳಲ್ಲಿ ಆಕೆಯ ಶೋಕಕ್ಕೆ ಪ್ರೇಮಭಂಗದ ಅಂಗಿ ತೊಡಿಸಲಾಗಿದೆ. ‘ಲೈಯಿಂಗ್ ಡೌನ್’ ಕೇಳಿ. ಮೋಸಹೋದವಳೊಬ್ಬಳು ಇನ್ನು ಸಹಿಸೆನೆಂದು ಎದ್ದು ನಿಲ್ಲುವ ಹಾಡು ಅದು. ಗೆಟಾ ಅವರ ಬೀಟು ಗಟ್ಟಿಯಾಗಿದೆ, ಆಕೆಯ ಕಂಠವೂ ಗಟ್ಟಿಯಾಗಿದೆ. ಆದರೆ ರೆನೆ ಆಕೆಯನ್ನು ಬಿಟ್ಟುಹೋದವನಲ್ಲ, ಸತ್ತವನು. ಸತ್ತವರ ಮೇಲೆ ನಮಗೆ ಸಿಟ್ಟು ಬರುವುದಿಲ್ಲವೆಂದಲ್ಲ, ಖಂಡಿತ ಬರುತ್ತದೆ. ಆ ಸಿಟ್ಟಿನ ಜಾತಿ ಮಾತ್ರ ಬೇರೆ.

ಇನ್ನೊಂದು ದೋಷ ಹಾಡುಗಳ ಜೋಡಣೆಯದು. ಆಲ್ಬಮ್ ಶುರುವಾಗುವುದೇ ‘ಫ್ಲೈಯಿಂಗ್ ಆನ್ ಮೈ ಓನ್’ ಎಂಬ ಕುಣಿತದ ಹಾಡಿನಿಂದ. ಒಬ್ಬಳೇ ಹಾರಬಲ್ಲೆ ಎಂಬ ಘೋಷಣೆ ಅದು. ಪ್ರಾಜೆಕ್ಟ್ ರಿವ್ಯೂ ಮೀಟಿಂಗಿನಲ್ಲಿ ಮೊದಲ ಸ್ಲೈಡಿಗೇ ಹಸಿರು ಬಣ್ಣ ಹಚ್ಚಿಬಿಡುವ ಅಭ್ಯಾಸ ನಮ್ಮಲ್ಲಿದೆ. ಎಲ್ಲ ಸರಿಯಿದೆ ಎಂದು ಮೊದಲೇ ಹೇಳಿಬಿಟ್ಟರೆ ಒಳಗಿನ ಪುಟಗಳಲ್ಲಿ ಏನಿದ್ದರೂ ಯಾರೂ ಗಾಬರಿಯಾಗುವುದಿಲ್ಲ. ಈ ಆಲ್ಬಮ್ಮಿಗೂ ಕೇಳುಗ ಗಾಬರಿಯಾಗಬಾರದೆಂಬ ಚಿಂತೆ. ‘ಕರೇಜ್’, ‘ಐ ವಿಲ್ ಬಿ ಸ್ಟ್ರಾಂಗರ್’ ಎಂಬ ಶೀರ್ಷಿಕೆಗಳನ್ನೇ ನೋಡಿ. ದುಃಖಕ್ಕೆ ಒಂದು ಗಡುವಿದೆ, ಆ ಗಡುವಿನೊಳಗೆ ಆಕೆ ಕೆಲಸ ಮುಗಿಸಿದ್ದಾಳೆ ಎಂದು ನಮಗೆ ತೋರಿಸಬೇಕಾಗಿದೆ. ಆದರೂ ಆ ಮೊದಲ ಹಾಡಿನೊಳಗೇ ಒಂದು ಬಿರುಕಿದೆ. ಒಬ್ಬಳೇ ಹಾರುತ್ತಿದ್ದೇನೆ ಎನ್ನುವವಳು ಮರುಗಳಿಗೆಯಲ್ಲೇ, ಈ ರೆಕ್ಕೆಗಳು ನಿನ್ನ ಪ್ರೀತಿಯವು ಎನ್ನುತ್ತಾಳೆ. ಬೀಟಿನ ಸದ್ದಿನಲ್ಲಿ ಇದು ಸುಲಭವಾಗಿ ತಪ್ಪಿಹೋಗುತ್ತದೆ.

ಮಾರುಕಟ್ಟೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ‘ಕರೇಜ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ವಾರವೇ 1ನೇ ಸ್ಥಾನಕ್ಕೇರಿತು. 2002ರ ನಂತರ ಆಕೆಗೆ ಆ ಸ್ಥಾನ ಸಿಕ್ಕಿರಲಿಲ್ಲ. ಕಛೇರಿಯ ಟಿಕೆಟ್ಟಿನ ಜೊತೆ ಆಲ್ಬಮ್ಮನ್ನೂ ಸೇರಿಸಿ ಮಾರಿದ್ದು ಇದಕ್ಕೆ ನೆರವಾಗಿತ್ತು. ಮರುವಾರ ಅದು 111ಕ್ಕೆ ಕುಸಿಯಿತು. ಮರಳಿ ಬಂದವಳನ್ನು ಬಾಗಿಲಲ್ಲಿ ನಿಂತು ಸ್ವಾಗತಿಸಿದ ಜನ ಒಳಗೆ ಬಂದು ಕೂರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಇದನ್ನು ಕೇಳುತ್ತಿರುವುದಕ್ಕೆ ಕಾರಣ ಮುಖ್ಯವಾಗಿ ಒಂದು ಹಾಡು, ಆಲ್ಬಮ್ಮಿಗೆ ಹೆಸರು ಕೊಟ್ಟ ‘ಕರೇಜ್’. ಧೈರ್ಯವೇ, ಈಗ ಕೈಬಿಡಬೇಡ ಎಂದು ಬೇಡುವ ಅದರ ಪಲ್ಲವಿ ನನಗೆ ಅಷ್ಟು ಮುಖ್ಯವಲ್ಲ. ಅದನ್ನು ಯಾರು ಬೇಕಾದರೂ ಬರೆಯಬಹುದು. ಮುಖ್ಯವಾದದ್ದು ಅದಕ್ಕೂ ಮೊದಲು ಪಿಯಾನೊ ಜೊತೆ ತಗ್ಗಿದ ದನಿಯಲ್ಲಿ ಬರುವ ಭಾಗ. ದಿನವಿಡೀ ದುಡಿದು ಮನೆಗೆ ಬಂದವಳಿಗೆ ಹೇಳಲು ಎಷ್ಟೋ ವಿಷಯಗಳಿವೆ. ಅವನೊಂದಿಗೆ ಇನ್ನೂ ಮಾತು ನಡೆದೇ ಇದೆ, ನಾಳೆಯ ಯೋಜನೆಗಳನ್ನು ಇಬ್ಬರೂ ಹಾಕುತ್ತಲೇ ಇದ್ದಾರೆ ಎಂದುಕೊಳ್ಳುವುದು ಅವಳಿಗೆ ಹಿತ. ಇಷ್ಟೇ. ಇಲ್ಲಿ ಆಕಾಶವಿಲ್ಲ, ರೆಕ್ಕೆಯಿಲ್ಲ, ಸಮುದ್ರವಿಲ್ಲ. ಕೆಲಸ ಮುಗಿಸಿ ಮನೆಗೆ ಬಂದ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಿದ್ದಾಳೆ.

ನಾನು ದಿನಾ ರಾತ್ರಿ ಒಂಬತ್ತಕ್ಕೆ ಅಪ್ಪನಿಗೆ ಫೋನ್ ಮಾಡುತ್ತಿದ್ದೆ. ‘ಊಟ ಆತೇನಪ?’ ಎಂಬಲ್ಲಿಂದ ಶುರುವಾಗಿ, ಭದ್ರಾ ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ ಎಂಬಲ್ಲಿಗೆ ಮುಗಿಯುತ್ತಿತ್ತು. ಅವರು ಹೋದ ಮೇಲೂ ಎಷ್ಟೋ ರಾತ್ರಿ ಆ ಹೊತ್ತಿಗೆ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಹೇಳಲು ವಿಷಯ ಇರುತ್ತಿತ್ತು, ಕೇಳುವವರು ಇರುತ್ತಿರಲಿಲ್ಲ. ಸಾವು ಅಂದರೆ ನನಗೆ ಅರ್ಥವಾದದ್ದು ಆ ಒಂಬತ್ತು ಗಂಟೆಯಲ್ಲಿ, ಹನ್ನೊಂದನೇ ದಿನದ ವಿಧಿಯಲ್ಲಲ್ಲ. ಸೆಲೀನ್ ಆ ಸಾಲುಗಳನ್ನು ಹಾಡುವಾಗ ತನ್ನ ಕಂಠದ ಯಾವ ಸಾಹಸವನ್ನೂ ತೋರಿಸುವುದಿಲ್ಲ. ಮಾತಿನ ಮಟ್ಟದಲ್ಲೇ ಉಳಿಯುತ್ತಾಳೆ. ಪಲ್ಲವಿಯಲ್ಲಿ ವಾದ್ಯವೃಂದ ಏರಿದಾಗ ಆಕೆಯೂ ಏರಲೇಬೇಕು, ಏರುತ್ತಾಳೆ. ನಾನು ಮಾತ್ರ ಪ್ರತಿ ಸಲವೂ ಆ ಏರುವ ಮುಂಚಿನ ಒಂದು ನಿಮಿಷಕ್ಕಾಗಿ ಕಾಯುತ್ತೇನೆ.

ಇನ್ನೊಂದು ಒಳ್ಳೆಯ ಹಾಡು ‘ಫಾರ್ ದ ಲವರ್ ದಟ್ ಐ ಲಾಸ್ಟ್’. ಇದನ್ನು ಬರೆದವರಲ್ಲಿ ಸ್ಯಾಮ್ ಸ್ಮಿತ್ ಒಬ್ಬರು, 2020ರ ತಮ್ಮ ಆಲ್ಬಮ್ಮಿನಲ್ಲಿ ಸ್ವತಃ ಹಾಡಿದ್ದಾರೆ ಕೂಡ. ಎರಡನ್ನೂ ಒಟ್ಟಿಗೆ ಕೇಳಿ. ಪದಗಳು ಬಹುತೇಕ ಅವೇ. ಸ್ಯಾಮ್ ಬಾಯಲ್ಲಿ ‘ಕಳೆದುಕೊಂಡ’ ಎಂದರೆ ದೂರವಾದ ಪ್ರಿಯಕರ. ಮುಂದೊಂದು ದಿನ ರಸ್ತೆಯಲ್ಲಿ ಎದುರಾದರೂ ಆಗಬಹುದಾದವನು. ಸೆಲೀನ್ ಬಾಯಲ್ಲಿ ಆ ಸಾಧ್ಯತೆ ಇಲ್ಲ. ಹಾಡುಗಾರಿಕೆ ಹಾಡನ್ನು ಬರೆಯುವುದಕ್ಕಿಂತ ಕಡಿಮೆಯ ಕೆಲಸವಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ನಮ್ಮಂಥವರಿಗೆ ಹತ್ತಿರದ ಒಂದು ವಿಷಯ. ಇಂಗ್ಲಿಷ್ ಸೆಲೀನ್‌ಳ ಮನೆಮಾತಲ್ಲ. ಅದು ದೊಡ್ಡವಳಾದ ಮೇಲೆ ವೃತ್ತಿಗಾಗಿ ಕಲಿತದ್ದು. ಮೊದಲ ಇಂಗ್ಲಿಷ್ ಆಲ್ಬಮ್ ಬಂದದ್ದು 1990ರಲ್ಲಿ. ಆ ವರ್ಷ ಕ್ವಿಬೆಕ್‌ನ ಫೆಲಿಕ್ಸ್ ಪ್ರಶಸ್ತಿ ಸಮಾರಂಭದಲ್ಲಿ ಆಕೆಗೆ ‘ಇಂಗ್ಲಿಷ್ ಕಲಾವಿದೆ’ ಎಂಬ ವಿಭಾಗದಲ್ಲಿ ಪ್ರಶಸ್ತಿ ಕೊಟ್ಟಾಗ, ನಾನು ಇಂಗ್ಲಿಷಿನವಳಲ್ಲ, ಕ್ವಿಬೆಕ್‌ನವಳು ಎಂದು ಅದನ್ನು ವೇದಿಕೆಯಲ್ಲೇ ನಿರಾಕರಿಸಿದಳು. ಇಂಗ್ಲಿಷಿನಲ್ಲಿ ದುಡಿದು ಕನ್ನಡದಲ್ಲಿ ಕನಸು ಕಾಣುವ ನಮಗೆ ಇದನ್ನು ವಿವರಿಸಬೇಕಿಲ್ಲ.

ಹಾಗಾದರೆ ಮನೆಮಾತಿನಲ್ಲಿ ಆಕೆಯ ದುಃಖ ಹೇಗಿತ್ತು? ರೆನೆ ಹೋದ ನಾಲ್ಕು ತಿಂಗಳಿಗೆ ‘ಆಂಕೋರ್ ಅನ್ ಸ್ವಾರ್’ ಎಂಬ ಫ್ರೆಂಚ್ ಹಾಡು ಬಂತು. ‘ಇನ್ನೊಂದು ಸಂಜೆ’ ಎಂದು ಅರ್ಥ. ಬರೆದವರು ಜಾನ್-ಜಾಕ್ ಗೋಲ್ಡ್‌ಮನ್. ನನಗೆ ಫ್ರೆಂಚ್ ಬಾರದು, ಅನುವಾದ ಎದುರಿಗಿಟ್ಟುಕೊಂಡು ಕೇಳಿದೆ. ಹಳೆಯ ಫೋಟೋ ಒಂದನ್ನು ನೋಡುತ್ತ, ಕಾಲ ಎಷ್ಟು ಬೇಗ ಹೋಯಿತಲ್ಲ ಎಂದು ಬೆರಗಾಗಿ, ಇನ್ನೊಂದು ಸಂಜೆ ಸಿಕ್ಕಿದ್ದರೆ, ಇನ್ನೊಂದು ಗಂಟೆ ಸಿಕ್ಕಿದ್ದರೆ ಎಂದು ಕೇಳಿಕೊಳ್ಳುವ ಹಾಡು. ದೂರಿಲ್ಲ, ಸಿಕ್ಕಿದ್ದೇ ಹೆಚ್ಚು ಎಂಬ ಒಪ್ಪಿಗೆಯೂ ಇದೆ. ಗಟ್ಟಿಯಾಗುತ್ತೇನೆಂಬ ಪ್ರತಿಜ್ಞೆ ಇಲ್ಲಿಲ್ಲ. ಯಾರಿಗೂ ಏನನ್ನೂ ರುಜುವಾತು ಮಾಡಬೇಕಾಗಿಲ್ಲ.

ಎರಡನ್ನೂ ಪಕ್ಕದಲ್ಲಿಟ್ಟು ಕೇಳಿದಾಗ ನನಗೆ ಅನಿಸಿದ್ದು ಇದು. ಫ್ರೆಂಚಿನಲ್ಲಿ ಆಕೆ ದುಃಖದಲ್ಲಿ ಇರುತ್ತಾಳೆ, ಇಂಗ್ಲಿಷಿನಲ್ಲಿ ದುಃಖದ ಬಗ್ಗೆ ವರದಿ ಒಪ್ಪಿಸುತ್ತಾಳೆ. ‘ಕರೇಜ್’ ಆಲ್ಬಮ್ಮಿನ ಹದಿನಾರು ಹಾಡುಗಳಲ್ಲಿ ಬಹುಪಾಲು ವರದಿಗಳೇ. ಆದರೆ ಒಂದೆರಡು ಕಡೆ, ದುಡಿದು ಮನೆಗೆ ಬಂದು ಬಾಗಿಲಲ್ಲಿ ನಿಂತಂಥ ಕಡೆ, ಮನೆಯ ಮಾತು ಆಫೀಸಿನ ಭಾಷೆಯೊಳಗೆ ನುಸುಳಿಬಿಡುತ್ತದೆ. ಆಲ್ಬಮ್ ಗೆಲ್ಲುವುದು ಅಲ್ಲಿ.

ಮುಂದಿನದು ನಿಮಗೆ ಗೊತ್ತಿದೆ. ‘ಕರೇಜ್’ ಪ್ರವಾಸ 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ನಿಂತಿತು. ಸ್ನಾಯುಗಳು ಬಿಗಿದುಕೊಳ್ಳುವ ಸ್ಟಿಫ್ ಪರ್ಸನ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆ ತನಗಿದೆ ಎಂದು ಆಕೆ 2022ರ ಡಿಸೆಂಬರಿನಲ್ಲಿ ಹೇಳಿದಳು. ಉಳಿದ ಕಛೇರಿಗಳು ರದ್ದಾದವು. 2024ರ ಜುಲೈ 26ರಂದು, ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯ ರಾತ್ರಿ, ಐಫೆಲ್ ಗೋಪುರದ ಮೇಲೆ ನಿಂತು ಎಡಿತ್ ಪಿಯಾಫ್ ಅವರ ‘ಇಮ್ನ್ ಅ ಲಾಮೂರ್’ ಹಾಡಿದಳು. ಪಿಯಾಫ್ ಅದನ್ನು ತನ್ನ ಪ್ರಿಯಕರ, ಬಾಕ್ಸರ್ ಮಾರ್ಸೆಲ್ ಸೆರ್ದಾನ್‌ಗಾಗಿ ಬರೆದದ್ದು. 1949ರಲ್ಲಿ ಅವನು ವಿಮಾನ ಅಪಘಾತದಲ್ಲಿ ಸತ್ತ ಮೇಲೆ ಆ ಪ್ರೇಮಗೀತೆ ಚರಮಗೀತೆಯೂ ಆಯಿತು. ಸೆಲೀನ್ ಲೋಕದ ಮುಂದೆ ಮತ್ತೆ ಬಾಯಿ ತೆರೆದದ್ದು ತನ್ನ ಭಾಷೆಯಲ್ಲಿ, ಇನ್ನೊಬ್ಬ ಹೆಂಗಸು ಬರೆದ ಹಾಡಿನಲ್ಲಿ. ಅದು ಯಾರ ದುಃಖ ಎಂದು ಆ ರಾತ್ರಿ ಯಾರೂ ಕೇಳಲಿಲ್ಲ.

ಹದಿನಾರು ಹಾಡು ಕೇಳುವಷ್ಟು ಸಮಯ ಇಲ್ಲದವರು ಮೊದಲು ‘ಆಂಕೋರ್ ಅನ್ ಸ್ವಾರ್’ ಕೇಳಿ, ಆಮೇಲೆ ‘ಕರೇಜ್’ ಹಾಡು, ಆಮೇಲೆ ‘ಫಾರ್ ದ ಲವರ್ ದಟ್ ಐ ಲಾಸ್ಟ್’. ಒಟ್ಟು ಹನ್ನೆರಡು ನಿಮಿಷವೂ ಆಗಲಿಕ್ಕಿಲ್ಲ. ಊರಿಗೆ ಫೋನ್ ಮಾಡುವ ಹೊತ್ತು ಇನ್ನೂ ನಿಮಗಿದ್ದರೆ, ಮೊದಲು ಫೋನ್ ಮಾಡಿ, ಆಮೇಲೆ ಕೇಳಿ.