ಬೆಣ್ಣೆಯಲ್ಲಿ ಮೂಡುವ ಮುಖ

ಅಮೆರಿಕದ ಮಿನ್ನೆಸೋಟದಲ್ಲಿ ಹೈನುಗಾರರ ಪರವಾಗಿ ಜನರೊಡನೆ ಮಾತನಾಡಲು ಪ್ರತಿವರ್ಷ ಒಬ್ಬ ಯುವತಿಯನ್ನು ಆರಿಸಲಾಗುತ್ತದೆ. ‘ಪ್ರಿನ್ಸೆಸ್ ಕೇ ಆಫ್ ದ ಮಿಲ್ಕಿ ವೇ’ ಎಂಬ ಈ ಪಟ್ಟ 1954ರಿಂದ ನಡೆದುಬಂದಿದೆ. ಇದು ಸೌಂದರ್ಯ ಸ್ಪರ್ಧೆಯಲ್ಲ. ಕೊಟ್ಟಿಗೆಯ ಕೆಲಸ ಬಲ್ಲ, ಹಾಲಿನ ಉದ್ಯಮವನ್ನು ಅರಿತ, ಅದನ್ನು ಪೇಟೆಯವರಿಗೆ ತಿಳಿಹೇಳಬಲ್ಲ ಹುಡುಗಿಗೇ ಇಲ್ಲಿ ಮನ್ನಣೆ.

ಬೇಸಿಗೆಯ ಕೊನೆಗೆ, ಸೇಂಟ್ ಪಾಲ್ ನಗರದ ಪಕ್ಕದಲ್ಲಿ 12 ದಿನ ನಡೆಯುವ ರಾಜ್ಯ ಜಾತ್ರೆಯೇ ಇದರ ರಂಗ. ಅಂತಿಮ ಸುತ್ತಿಗೆ ಬಂದ ಪ್ರತಿಯೊಬ್ಬಳ ಮುಖವನ್ನೂ ಸುಮಾರು 41 ಕಿಲೋ ತೂಕದ ಬೆಣ್ಣೆಯ ಗಟ್ಟಿಯಲ್ಲಿ ಕೆತ್ತುತ್ತಾರೆ. 1965ರಲ್ಲಿ ಶುರುವಾದ ಈ ಪದ್ಧತಿಯ ಸೊಗಸು ಇರುವುದು ಕೆಲಸ ನಡೆಯುವ ಬಗೆಯಲ್ಲಿ. ನಿಧಾನವಾಗಿ ತಿರುಗುವ ಗಾಜಿನ ಶೀತಕೋಣೆ. ಒಳಗೆ ಉಷ್ಣತೆ ಸುಮಾರು 4 ಡಿಗ್ರಿ ಸೆಲ್ಸಿಯಸ್. ಹೊರಗೆ ಸೆಕೆಯಲ್ಲಿ ಜನ ಮುಗಿಬಿದ್ದಿರುವಾಗ, ದಪ್ಪ ಕೋಟು ತೊಟ್ಟ ಹುಡುಗಿ ಒಳಗೆ ಗಂಟೆಗಟ್ಟಲೆ ಕೂತಿರುತ್ತಾಳೆ. ಶಿಲ್ಪಿ ಚಾಕು ಹಿಡಿದು ಬೆಣ್ಣೆಯನ್ನು ಪದರಪದರವಾಗಿ ಕೆರೆದಂತೆ ಮೂಗು, ಗಲ್ಲ, ಮುಗುಳ್ನಗೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಕೈಯ ಬಿಸಿಗೇ ಕರಗುವ ವಸ್ತುವಿನಲ್ಲಿ ಚಹರೆ ಹಿಡಿಯುವುದು ಅಸಾಮಾನ್ಯ ಕುಶಲತೆ. ಲಿಂಡಾ ಕ್ರಿಸ್ಟೆನ್ಸನ್ 1972ರಿಂದ 2021ರವರೆಗೆ ಈ ಕೆಲಸ ಮಾಡಿದರು. ನಂತರ ಜೆರಿ ಕುಲ್ಜರ್ ಅದನ್ನು ಮುಂದುವರಿಸಿದರು.

ಜಾತ್ರೆ ಮುಗಿದ ಮೇಲೆ ಶಿಲ್ಪ ಹುಡುಗಿಯದೇ. ಕೆಲವರು ಅದನ್ನು ವರ್ಷಗಟ್ಟಲೆ ಫ್ರೀಜರಿನಲ್ಲಿ ಕಾಪಿಡುತ್ತಾರೆ. ಇನ್ನು ಕೆಲವರು ಊರವರನ್ನು ಕರೆದು, ಬೇಯಿಸಿದ ಮುಸುಕಿನ ಜೋಳಕ್ಕೆ ಸವರಿ ಹಂಚುತ್ತಾರೆ.