ಬಲದ ಎದುರು ತುದಿಯಲ್ಲಿ ಬುದ್ಧಿ

‘ರ‍್ಯಾಗ್ನರಾಕ್ ಆನ್‌ಲೈನ್’ ಆಟವನ್ನು ನಾನು ಮೊದಲು ಆಡಿದ್ದು ಮೈಸೂರಿನ ಒಂದು ಸೈಬರ್ ಕೆಫೆಯಲ್ಲಿ, ಪಿಯುಸಿ ಓದುತ್ತಿದ್ದಾಗ. ಲೀ ಮ್ಯುಂಗ್-ಜಿನ್ ಅವರ ಚಿತ್ರಕಥೆಯನ್ನು ಆಧರಿಸಿ ಕೊರಿಯಾದ ಗ್ರಾವಿಟಿ ಕಂಪನಿ 2002ರಲ್ಲಿ ಹೊರತಂದ ಆಟ ಅದು. ಕೆಲವು ವರ್ಷ ಭಾರತಕ್ಕೆಂದೇ ಒಂದು ಸರ್ವರ್ ಇತ್ತು. ಪಕ್ಕದ ಕುರ್ಚಿಯಲ್ಲಿ ದೊಡ್ಡಮ್ಮನ ಮಗ ಕೂತಿರುತ್ತಿದ್ದ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಗಂಟೆಗಿಷ್ಟು ಎಂದು ಹಣ ಕೊಟ್ಟು ಆಡುವ ಜಾಗದಲ್ಲಿ ನಾನು ಮೊದಲ ಅರ್ಧ ಗಂಟೆಯನ್ನು ಒಂದು ಷಟ್ಕೋನವನ್ನು ನೋಡುತ್ತಲೇ ಕಳೆದೆ ಎಂದು ಅವನು ಇವತ್ತಿಗೂ ನಗುತ್ತಾನೆ.

ಹೊಸ ಪಾತ್ರವನ್ನು ಹುಟ್ಟಿಸುವಾಗ ಆ ಷಟ್ಕೋನ ಬರುತ್ತಿತ್ತು. ಅದರ ಆರು ತುದಿಗಳಲ್ಲಿ ಆರು ಗುಣಗಳು: ಸ್ಟ್ರೆಂತ್, ಅಜಿಲಿಟಿ, ವೈಟಾಲಿಟಿ, ಇಂಟೆಲಿಜೆನ್ಸ್, ಡೆಕ್ಸ್ಟೆರಿಟಿ, ಲಕ್. ನಮ್ಮ ಮಾತಿನಲ್ಲಿ ಬಲ, ಚುರುಕು, ಕಸುವು, ಬುದ್ಧಿ, ಕೈಚಳಕ, ಅದೃಷ್ಟ ಅನ್ನೋಣ. ಆರಕ್ಕೂ ಮೊದಲಿಗೆ 5 ಅಂಕ. ಒಂದನ್ನು ಏರಿಸಿದರೆ ಅದರ ಎದುರು ತುದಿಯದು ಅಷ್ಟೇ ಇಳಿಯುತ್ತದೆ. ಚುರುಕಿನ ಎದುರಿಗೆ ಅದೃಷ್ಟ, ಕಸುವಿನ ಎದುರಿಗೆ ಕೈಚಳಕ, ಬಲದ ಎದುರಿಗೆ ಬುದ್ಧಿ. ಕತ್ತಿ ಹಿಡಿಯುವವನು ಬೇಕೆಂದು ಬಲವನ್ನು 9ಕ್ಕೆ ಒಯ್ದರೆ ಬುದ್ಧಿ 1ಕ್ಕೆ ಬಂದು ನಿಲ್ಲುತ್ತದೆ.

ಇದನ್ನು ನಾನು ಒಂದು ಪಠ್ಯವೆಂದೇ ಓದುತ್ತೇನೆ. ಕಥೆ ಶುರುವಾಗುವ ಮೊದಲೇ ಮನುಷ್ಯಸ್ವಭಾವದ ಬಗ್ಗೆ ಮೂರು ತೀರ್ಪುಗಳನ್ನು ಕೊಟ್ಟುಬಿಡುವ ಪಠ್ಯ. ಬಲಶಾಲಿ ಪೆದ್ದ ಎಂಬುದು ಅವುಗಳಲ್ಲಿ ತೀರಾ ಹಳಸಲು. ಸ್ವಾರಸ್ಯವೆಂದರೆ ಈ ಮಾತನ್ನು ಆಟವೇ ಮುಂದೆ ಸುಳ್ಳು ಮಾಡುತ್ತದೆ. ಖಡ್ಗಧಾರಿ ಬೆಳೆದು ನೈಟ್ ಆದಾಗ ಅವನ ಒಳ್ಳೊಳ್ಳೆಯ ಪಟ್ಟುಗಳಿಗೆಲ್ಲ ಎಸ್‌ಪಿ ಎಂಬ ಒಳಶಕ್ತಿ ಖರ್ಚಾಗುತ್ತದೆ. ಅದರ ಸಂಗ್ರಹ ಹಿಗ್ಗುವುದು ಬುದ್ಧಿಯಿಂದ. ಬುದ್ಧಿ 1ರಲ್ಲೇ ಉಳಿದ ಭಾರೀ ಆಳು ನಾಲ್ಕು ಸಲ ಅಬ್ಬರಿಸಿ, ಆಮೇಲೆ ಬರಿದೇ ಕತ್ತಿ ಬೀಸುತ್ತಾ ನಿಲ್ಲುತ್ತಾನೆ. ಷಟ್ಕೋನ ಹೇಳಿದ್ದೊಂದು, ರಣರಂಗ ಹೇಳುವುದು ಇನ್ನೊಂದು.

ಲೆಕ್ಕವನ್ನು ಸ್ವಲ್ಪ ನೋಡಬೇಕು. ಈ ಆಟದ ನೀತಿ ಅಡಗಿರುವುದು ಅಲ್ಲೇ. ಪ್ರತಿ ಲೆವೆಲ್ ಏರಿದಾಗಲೂ ಒಂದಿಷ್ಟು ಅಂಕ ಸಿಗುತ್ತದೆ. ಒಂದು ಗುಣವನ್ನು 1ರಿಂದ 2ಕ್ಕೆ ಏರಿಸಲು 2 ಅಂಕ ಸಾಕು, 91ರಿಂದ 92ಕ್ಕೆ ಏರಿಸಲು 11 ಬೇಕು. 1ರಿಂದ 99ರವರೆಗೆ ಒಂದೇ ಗುಣವನ್ನು ಒಯ್ಯಲು ಒಟ್ಟು 628. ಆಗಿನ ಗರಿಷ್ಠವಾದ 99ನೇ ಲೆವೆಲ್ಲಿಗೆ ಮುಟ್ಟಿದವನ ಕೈಗೆ ಒಟ್ಟು ಬಂದಿರುತ್ತಿದ್ದುದು, ಹುಟ್ಟಿನ ಅಂಕಗಳೂ ಸೇರಿ, 1,273. ಅಂದರೆ ಎರಡು ಗುಣಗಳನ್ನು ತುದಿಗೆ ಮುಟ್ಟಿಸಿದರೆ ಉಳಿದ ನಾಲ್ಕಕ್ಕೆ ಚಿಲ್ಲರೆ. ಮೇಲೇರಿದಷ್ಟೂ ಬೆಲೆ ಹೆಚ್ಚುವುದರಿಂದ ಹಂಚಿಕೊಂಡು ಬದುಕುವುದೇ ಜಾಣತನ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ಆದರೆ ಬಲದ ಫಲ ಬೇರೆ ಥರ ಬೆಳೆಯುತ್ತದೆ. ಹೊಡೆತಕ್ಕೆ ಬಲದ ಅಂಕವಷ್ಟೇ ಅಲ್ಲ, ಅದರಲ್ಲಿರುವ ಹತ್ತುಗಳ ವರ್ಗವೂ ಸೇರುತ್ತದೆ. 40 ಬಲ ಇದ್ದವನಿಗೆ 40ರ ಜೊತೆ 16 ಸೇರಿ 56. 90 ಇದ್ದವನಿಗೆ 90ರ ಜೊತೆ 81 ಸೇರಿ 171. ಬೆಲೆಪಟ್ಟಿ ಮಿತವಾಗಿರು ಎನ್ನುತ್ತದೆ, ಫಲದ ಸೂತ್ರ ಅತಿಗೆ ಹೋಗು ಎನ್ನುತ್ತದೆ. ಈ ಎರಡು ಮಾತುಗಳ ನಡುವೆ ಸಿಕ್ಕಿಬಿದ್ದವನೇ ಆಟಗಾರ. ಇದನ್ನು ಬರೆದವರು ಕಾದಂಬರಿಕಾರರಲ್ಲ, ಪ್ರೋಗ್ರಾಮರುಗಳು. ಆದರೂ ಇಂಥ ಒಳ್ಳೆಯ ಇಕ್ಕಟ್ಟು ಎಷ್ಟೋ ಕಾದಂಬರಿಗಳಲ್ಲಿ ಇಲ್ಲ.

ನೈಟ್‌ಗಳಲ್ಲಿ ಮುಖ್ಯವಾಗಿ ಎರಡು ಪಂಥ. ಚುರುಕಿನವನು ಏಟು ತಪ್ಪಿಸಿಕೊಳ್ಳುತ್ತಾನೆ, ಎರಡು ಕೈಯ ಕತ್ತಿಯನ್ನು ಬಿಡುವಿಲ್ಲದೆ ಬೀಸುತ್ತಾನೆ, ಒಂಟಿಯಾಗಿ ಬೇಟೆಗೆ ಹೋಗುತ್ತಾನೆ. ಯಕ್ಷಗಾನ ನೋಡಿದವರಿಗೆ ಪುಂಡುವೇಷ ನೆನಪಾಗಬಹುದು. ಹಲವರು ಸುತ್ತುವರಿದರೆ ಮಾತ್ರ ಅವನ ತಪ್ಪಿಸಿಕೊಳ್ಳುವ ವಿದ್ಯೆ ಕೈಕೊಡುತ್ತದೆ. ಚಕ್ರವ್ಯೂಹದ ನೆನಪು ನಾನಾಗಿ ತಂದದ್ದಲ್ಲ, ತಾನಾಗಿ ಬರುತ್ತದೆ. ಕಸುವಿನವನು ತಪ್ಪಿಸಿಕೊಳ್ಳುವುದಿಲ್ಲ, ತಿನ್ನುತ್ತಾನೆ. ಗಿಲ್ಡುಗಳು ಕೋಟೆಗಾಗಿ ಕಾದಾಡುವ ಯುದ್ಧಗಳಲ್ಲಿ ಮುಂದೆ ನಿಲ್ಲುವವನು ಅವನು. ಒಬ್ಬ ತನಗಾಗಿ, ಇನ್ನೊಬ್ಬ ಗುಂಪಿಗಾಗಿ. ಅದೃಷ್ಟವನ್ನು ನಂಬುವ ಮೂರನೆಯ ಸಣ್ಣ ಪಂಥವೂ ಇತ್ತು, ಅವರ ವಿಷಯ ಇಲ್ಲಿ ಬೇಡ.

ಕೈಚಳಕದ ಬಗ್ಗೆ ಮಾತ್ರ ಒಂದು ಮಾತು. ಏಟು ಗುರಿ ಮುಟ್ಟುವುದು ಅದರಿಂದ. ಆಯುಧದ ಹೊಡೆತ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗದಂತೆ ಹದ ಮಾಡುವುದೂ ಅದೇ. ಮಹಾಭಾರತದ ಶಲ್ಯಪರ್ವದಲ್ಲಿ ಗದಾಯುದ್ಧದ ಹೊತ್ತಿಗೆ ಕೃಷ್ಣ ಹಾಕುವ ಲೆಕ್ಕವೂ ಇದೇ: ಭೀಮ ಬಲವಂತ, ದುರ್ಯೋಧನ ಪಳಗಿದವನು, ಇಬ್ಬರಲ್ಲಿ ಪಳಗಿದವನದೇ ಮೇಲುಗೈ. ಲೆಕ್ಕ ಹಾಗಿರುವುದರಿಂದಲೇ ತೊಡೆಗೆ ಹೊಡೆಯುವ ಮಾತು ಬರುತ್ತದೆ. ರನ್ನನಿಗೆ ‘ಗದಾಯುದ್ಧ’ ಬರೆಯಲು ಸಿಕ್ಕಿದ್ದು ಈ ಲೆಕ್ಕ ತಪ್ಪಿದ ಜಾಗ. ಆಟದಲ್ಲಿ ಲೆಕ್ಕ ತಪ್ಪುವುದಿಲ್ಲ, ಅದೇ ಅದರ ಬಡತನ. ಇನ್ನೊಂದು ಬಡತನವೂ ಇದೆ. ಲೋಳೆಯಂತಿರುವ ಪೋರಿಂಗ್‌ಗಳನ್ನು ಸಾಯಿಸಿ ಬಂದ ಅಂಕವನ್ನು ಬುದ್ಧಿಗೂ ಹಾಕಬಹುದು. ಮಾಡಿದ ಕೆಲಸಕ್ಕೂ ಆದ ಬೆಳವಣಿಗೆಗೂ ಸಂಬಂಧವಿಲ್ಲ. 1997ರ ‘ಅಲ್ಟಿಮಾ ಆನ್‌ಲೈನ್’ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಅಲ್ಲಿ ಕತ್ತಿ ಬೀಸಿ ಬೀಸಿಯೇ ಕತ್ತಿವರಸೆ ಬರಬೇಕು.

ಇಷ್ಟಾದರೂ ನಾನು ರ‍್ಯಾಗ್ನರಾಕ್ ಪರವಾಗಿಯೇ ವಾದಿಸುತ್ತೇನೆ. ಕಾರಣ, ಮೊದಮೊದಲು ಅಲ್ಲಿ ಹಾಕಿದ ಅಂಕವನ್ನು ವಾಪಸ್ ತೆಗೆಯುವಂತಿರಲಿಲ್ಲ. 71ನೇ ಲೆವೆಲ್ಲಿನಲ್ಲಿ ನನ್ನ ನೈಟ್‌ನ ಐದು ಗುಣಗಳೂ 40ರ ಆಸುಪಾಸು, ಅದೃಷ್ಟ ಮಾತ್ರ 5. ಯಾವುದನ್ನೂ ಬಿಟ್ಟುಕೊಡಲು ಮನಸ್ಸಾಗದವನು ಕಟ್ಟಿದ ಆಳು. ಅವನ ಏಟು ಯಾರಿಗೂ ನೋಯುತ್ತಿರಲಿಲ್ಲ, ಅವನನ್ನು ಯಾವ ಗಿಲ್ಡೂ ಕರೆಯುತ್ತಿರಲಿಲ್ಲ. ಆಗ ನಾನು ಅಪ್ಪನಿಗಾಗಿ ವಿಜ್ಞಾನ ತೆಗೆದುಕೊಂಡು, ನನಗಾಗಿ ಕದ್ದು ಕವಿತೆ ಬರೆದು, ಅಮ್ಮನ ಸಮಾಧಾನಕ್ಕೆ ಸಿಇಟಿ ಕೋಚಿಂಗಿಗೂ ಹೋಗುತ್ತಿದ್ದೆ. ಎರಡಕ್ಕೂ ಸಂಬಂಧ ಇದೆ ಎಂದು ಆಗ ಹೊಳೆದಿರಲಿಲ್ಲ. ಪರದೆಯ ಮೇಲಿನ ಅಂಕಿಗಳಷ್ಟು ನಿಷ್ಠುರವಾಗಿ ಯಾವ ಆತ್ಮಕಥೆಯೂ ನನ್ನನ್ನು ನನಗೆ ತೋರಿಸಿಲ್ಲ.

“ಅಳಿಸಿ ಹೊಸಬನ್ನ ಮಾಡ್ಕೊಳೋ,” ಎಂದ ಅಣ್ಣ. “ಇವನು ಸಾಯೋದೂ ಇಲ್ಲ, ಸಾಯಿಸೋದೂ ಇಲ್ಲ.” ಅವನು ತನ್ನ ಮೊದಲ ನೈಟ್‌ನನ್ನು ಅರವತ್ತು ಚಿಲ್ಲರೆ ಲೆವೆಲ್ಲಿನಲ್ಲಿ ಹಾಗೇ ಅಳಿಸಿದ್ದ, ಒಂದು ನಿಟ್ಟುಸಿರೂ ಇಲ್ಲದೆ.

ಮುಂದೆ ಅಂಕಗಳನ್ನೆಲ್ಲ ಕಿತ್ತು ಮತ್ತೆ ಹಂಚಲು ಬಿಡುವ ಸೌಲಭ್ಯ ಈ ಆಟದಲ್ಲೂ ಬಂತು. ಈಗ ಬಹುತೇಕ ಆಟಗಳಲ್ಲಿ ಅದು ಮೊದಲ ದಿನದಿಂದಲೇ ಇರುತ್ತದೆ. ಆಟಗಾರನಿಗೆ ಅನುಕೂಲ, ಒಪ್ಪುತ್ತೇನೆ. ಆದರೆ ಬೇಕೆಂದಾಗ ಬಲವನ್ನು ಬಿಚ್ಚಿ ಬುದ್ಧಿ ತೊಡುವವನನ್ನು ಪಾತ್ರ ಎನ್ನಲು ನನಗೆ ನಾಲಿಗೆ ಬಾರದು, ಅವನದು ಅಂಗಿ ಬದಲಿಸುವ ಕೆಲಸ. ಗೈಡುಗಳಲ್ಲಿ ಬರೆದ ‘ಸರಿಯಾದ’ ಅಂಕಿಗಳನ್ನು ನಕಲು ಮಾಡಿದ ನೂರಾರು ನೈಟ್‌ಗಳು ಪ್ರಾಂಟೆರಾ ಪಟ್ಟಣದ ಚೌಕದಲ್ಲಿ ಕೂತಿರುವುದನ್ನು ನೋಡಿದ್ದೇನೆ. ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಿ ತೋರಿಸಲು ಟೋಪಿ ಒಂದೇ ಉಳಿದಿರುತ್ತಿತ್ತು.

ನನ್ನವನನ್ನು ನಾನು ಅಳಿಸಲಿಲ್ಲ. ಪಿಯುಸಿ ಮುಗಿಯುವವರೆಗೂ ಅವನನ್ನೇ ಎಳೆದುಕೊಂಡು 78ನೇ ಲೆವೆಲ್ಲಿನವರೆಗೆ ಹೋದೆ. ಆ ಹೊತ್ತಿಗೆ ಪ್ರತಿ ಸಲ ಸಿಕ್ಕಿದ ಅಂಕಗಳನ್ನೆಲ್ಲ ಒಂದೇ ಗುಣಕ್ಕೆ ಹಾಕತೊಡಗಿದ್ದೆ, ಬುದ್ಧಿಗೆ. ಕತ್ತಿಯವನಿಗೆ ಅದು ಶುದ್ಧ ದಂಡ ಎಂದು ಅಣ್ಣ ಪಕ್ಕದ ಕುರ್ಚಿಯಿಂದ ಬೈಯುತ್ತಲೇ ಇದ್ದ.